ಶವರ್ ಮೂಲೆಯ ಹಳೇ ಟೈಲ್ಸ್ ಮಾತ್ರ ತೆಗೆದು, ಉಳಿದ ಬಚ್ಚಲ ಗೋಡೆ ಉಳಿಸಿಕೊಳ್ಳಬಹುದಾ?

ಕುವೆಂಪುನಗರದ ಮನೆಮಗಳು:
ಎಲ್ಲರಿಗೂ ನಮಸ್ಕಾರ. ಮೈಸೂರಿನ ಕುವೆಂಪುನಗರದಲ್ಲಿ ನಮ್ಮದು 1991ರಲ್ಲಿ ಕಟ್ಟಿಸಿದ ಮನೆ. ಮಹಡಿ ಇಲ್ಲ, ಬಚ್ಚಲುಮನೆಯೂ ಒಂದೇ. ಗೋಡೆಗೆಲ್ಲ ತಿಳಿಹಸಿರು ಟೈಲ್ಸ್, ಎಂಟಿಂಚು ಚೌಕದ್ದು, ನೆಲದಿಂದ ಹತ್ತು ಸಾಲು. ಶವರ್ ಇರೋ ಮೂಲೆಯಲ್ಲಿ ಒಂದು ಕಡೆ ಹೊರಗೋಡೆ, ಇನ್ನೊಂದು ಕಡೆ ಅಪ್ಪ ಅಮ್ಮನ ರೂಮಿನ ಗೋಡೆ. ಒಂದು ವರ್ಷದಿಂದ ಆ ರೂಮಿನ ಗೋಡೆ ಸೊಂಟದೆತ್ತರಕ್ಕೆ ತೇವ. ಸುಣ್ಣ ಉಬ್ಬಿ ಪುಡಿಪುಡಿಯಾಗಿ ಮಂಚದ ಮೇಲೆ ಉದುರುತ್ತೆ.

ಮೂರು ಜನ ಮೇಸ್ತ್ರಿಗಳನ್ನ ಕರೆಸಿದೆ. ಮೂವರೂ ಹೇಳಿದ್ದು ಒಂದೇ ಮಾತು: ಪೂರ್ತಿ ಒಡೆದು ಹೊಸದಾಗಿ ಮಾಡಿ. ಆದರೆ ಉಳಿದ ಮೂರು ಪಾಲು ಗೋಡೆ ಚೆನ್ನಾಗಿದೆ. ಒಂದು ಟೈಲ್ಸೂ ಅಲ್ಲಾಡಲ್ಲ. ಅಪ್ಪನಿಗೆ 79, ಮಂಡಿ ಆಪರೇಷನ್ ಆಗಿದೆ. ತಿಂಗಳುಗಟ್ಟಲೆ ಬಚ್ಚಲಿಲ್ಲದೆ ಅವರನ್ನ ಎಲ್ಲಿಗೆ ಕರ್ಕೊಂಡು ಹೋಗಲಿ? ಆ ಹಸಿರು ಟೈಲ್ಸ್ ಅಮ್ಮ ಆರಿಸಿ ತಂದಿದ್ದು, ಈಗ ಎಲ್ಲೂ ಸಿಗಲ್ಲ. ಶವರ್ ಮೂಲೆಯ ಎರಡು ಗೋಡೆ ಮಾತ್ರ ಬಿಚ್ಚಿ, ಬಾಕಿ ಹಾಗೇ ಉಳಿಸಿದವರು ಯಾರಾದ್ರೂ ಇದ್ದರೆ ದಯವಿಟ್ಟು ಹೇಳಿ.

ಗಾರೆ ಕೆಲಸ ಮೂವತ್ತು ವರ್ಷ:
ಅಕ್ಕ, ಆಗುತ್ತೆ. ನಾನೇ ಮಾಡಿದ್ದೀನಿ. ಪೂರ್ತಿ ಒಡೀರಿ ಅಂದ ಮೇಸ್ತ್ರಿಗಳನ್ನ ತಪ್ಪು ತಿಳ್ಕೋಬೇಡಿ. ಪೂರ್ತಿ ಒಡೆದರೆ ಪಕ್ಕದ ಟೈಲ್ಸ್ ಸೀಳುತ್ತೆ ಅನ್ನೋ ಭಯ ಇರಲ್ಲ. ಅರ್ಧ ಉಳಿಸೋ ಕೆಲಸಕ್ಕೆ ಕೈ ನಿಧಾನ ಬೇಕು. ಅಡಿ ಲೆಕ್ಕದಲ್ಲಿ ದುಡ್ಡು ಮಾತಾಡಿದ್ರೆ ಆ ನಿಧಾನಕ್ಕೆ ಕೂಲಿ ಹುಟ್ಟಲ್ಲ. ದಿನಗೂಲಿ ಲೆಕ್ಕದಲ್ಲಿ ಮಾತಾಡಿ, ಒಪ್ಪೋರು ಸಿಗ್ತಾರೆ.

ಅದಕ್ಕೂ ಮುಂಚೆ ನೀರು ಎಲ್ಲಿಂದ ಬರ್ತಿದೆ ಗೊತ್ತು ಮಾಡ್ಕೊಳ್ಳಿ. ರೂಮಿನ ಗೋಡೆ ಮೇಲೆ ತೇವ ಎಲ್ಲಿವರೆಗೆ ಇದೆಯೋ ಅದರ ಸುತ್ತ ಪೆನ್ಸಿಲ್ ಗೆರೆ ಎಳೆದು ತಾರೀಕು ಬರೀರಿ. ನಾಲ್ಕು ದಿನ ಆ ಮೂಲೇಲಿ ಸ್ನಾನ ಬೇಡ, ಬಕೆಟ್ ಇಟ್ಕೊಂಡು ಈಚೆ ಕಡೆ ಮಾಡಿ. ನಲ್ಲಿ ಲೈನು ಮಾತ್ರ ಎಂದಿನ ಹಾಗೆ ಚಾಲೂ ಇರಲಿ. ತೇವ ಗೆರೆ ದಾಟಿದ್ರೆ ಪೈಪು ಸೋರ್ತಿದೆ. ಒಳಕ್ಕೆ ಸರಿದ್ರೆ ಟೈಲ್ಸ್ ಸಂದು ಇಲ್ಲಾ ನೆಲ. ಹಾಗೇ ಒಂದು ನಾಣ್ಯ ತಗೊಂಡು ಒಂದೊಂದು ಟೈಲ್ಸೂ ತಟ್ಟಿ. ಟೊಳ್ಳು ಶಬ್ದ ಬಂದಿದ್ದಕ್ಕೆಲ್ಲ ಗುರುತು ಹಾಕಿ. ಉಳಿಸಬೇಕು ಅನ್ನೋ ಗೋಡೆನೂ ತಟ್ಟಬೇಕು, ಬಿಡಬೇಡಿ.

ಧಾರವಾಡದಾಂವ:
ಮೇಡಂ, ಯಾರರ ನಿಮಗ ಟೈಲ್ಸ್ ಮ್ಯಾಲೆ ಟೈಲ್ಸ್ ಹಚ್ರಿ ಅಂತ ಹೇಳ್ತಾರ. ಕೇಳಬ್ಯಾಡ್ರಿ. ನಮ್ಮ ಮನ್ಯಾಗ ಹಂಗ ಮಾಡಿದ್ವಿ. ಹಳೇ ಟೈಲ್ಸ್ ಗಟ್ಟಿ ಇದ್ದು, ಒಳಗ ತೇವ ಇಲ್ಲ ಅಂದ್ರ ಅದು ನಡೀತದ, ಅದಕ್ಕಂತನ ಬ್ಯಾರೆ ಅಂಟು ಬರ್ತದ. ಆದ್ರ ನಮ್ಮಲ್ಲಿ ಹಿಂದ ತೇವ ಇತ್ತು. ಎರಡು ವರ್ಷದಾಗ ಹೊಸದು ಹಳೇದು ಎರಡೂ ಕೂಡೇ ಕಳಚಿ ಬಿದ್ವು. ಪುಣ್ಯಕ್ಕ ಆಗ ಒಳಗ ಯಾರೂ ಇರಲಿಲ್ಲ.

ಕುವೆಂಪುನಗರದ ಮನೆಮಗಳು:
ಮೇಸ್ತ್ರಿ ಅಣ್ಣ, ನೀವು ಹೇಳಿದ ಹಾಗೇ ಮಾಡಿದೆ. ನಾಲ್ಕು ದಿನಕ್ಕೆ ತೇವ ಪೆನ್ಸಿಲ್ ಗೆರೆ ದಾಟಿ ಒಂದಿಂಚು ಮೇಲೆ ಹೋಯ್ತು. ಆಮೇಲೆ ತಾರಸಿ ಮೇಲೆ ಬಚ್ಚಲಿಗೆ ಹೋಗೋ ವಾಲ್ವ್ ಮೂರು ದಿನ ಮುಚ್ಚಿ, ಸಂಪಿನಿಂದ ನೀರು ಹೊತ್ತು ನಡೆಸಿದ್ವಿ. ತೇವ ಅಲ್ಲೇ ನಿಂತಿತು. ಅಂದ್ರೆ ಪೈಪೇ.

ಆದರೆ ನಾಣ್ಯದಲ್ಲಿ ತಟ್ಟಿದಾಗ ಶವರ್ ಮೂಲೆಯ ಕೆಳಗಿನ ಮೂರು ಸಾಲಲ್ಲಿ 23 ಟೈಲ್ಸ್ ಟೊಳ್ಳು. ಉಳಿಸಬೇಕು ಅನ್ನೋ ಗೋಡೆಯಲ್ಲಿ ಒಂದೂ ಟೊಳ್ಳಿಲ್ಲ. ಅಮ್ಮ ನನ್ನ ಹಿಂದೆ ಹಿಂದೆ ಬಂದು ತಾವೂ ಎಲ್ಲವನ್ನ ಇನ್ನೊಂದು ಸಲ ತಟ್ಟಿದ್ರು.

ಪೈಪ್ ಕೆಲಸ ಶ್ರೀರಂಗಪಟ್ಟಣ:
1991ರ ಮನೆ ಅಂದ್ರೆ ಗೋಡೆ ಒಳಗಿರೋದು ಜಿಐ ಪೈಪು, ಅಂದ್ರೆ ಸತು ಲೇಪಿಸಿದ ಕಬ್ಬಿಣದ್ದು. ಇಲ್ಲಿ ಒಂದು ಅಪಾಯ ಇದೆ ಮೇಡಂ, ಯಾರೂ ಮೊದಲೇ ಹೇಳಲ್ಲ. ಶವರ್ ಹತ್ರ ಎಲ್ಬೋ, ಅಂದ್ರೆ ಪೈಪ್ ತಿರುಗೋ ಕಡೆ ಇರೋ ಜೋಡಣೆ, ಬಿಚ್ಚೋಕೆ ರೆಂಚ್ ಹಾಕಿ ತಿರುಗಿಸಿದ್ರೆ ಆ ತಿರುವು ಪೈಪ್ ಉದ್ದಕ್ಕೂ ಹೋಗುತ್ತೆ. ನೀವು ಉಳಿಸಬೇಕು ಅಂತಿರೋ ಗೋಡೆ ಒಳಗಿನ ಎಲ್ಬೋ ತುಕ್ಕು ಹಿಡಿದು ತೆಳ್ಳಗಾಗಿರುತ್ತೆ, ಅದು ಅಲ್ಲೇ ಬಿರುಕು ಬಿಡುತ್ತೆ. ಆಮೇಲೆ ಚೆನ್ನಾಗಿರೋ ಗೋಡೆನೂ ಒಡೀಬೇಕು. ತಿರುಗಿಸಲೇಬೇಕಾದ್ರೆ ಎರಡು ರೆಂಚ್ ಹಾಕಬೇಕು, ಒಂದು ಅಲ್ಲಾಡದ ಹಾಗೆ ಹಿಡಿಯೋಕೆ, ಇನ್ನೊಂದು ತಿರುಗಿಸೋಕೆ.

ನನ್ನ ಕೇಳಿದ್ರೆ ಹಳೇ ಲೈನನ್ನ ಮುಟ್ಟಲೇಬೇಡಿ. ಶವರಿನ ಒಂದು ಗೋಡೆ ಹೊರಗೋಡೆ ಅಂದ್ರಲ್ಲ, ತಾರಸಿಯಿಂದ ಹೊಸ ಪೈಪ್ ಹೊರಗಡೆಯೇ ಇಳಿಸಿ, ಅಲ್ಲಿಂದ ತೂತು ಹಾಕಿ ಒಳಗೆ ತನ್ನಿ. ಶವರ್ ನಲ್ಲಿಯನ್ನ ರೂಮಿನ ಗೋಡೆಯಿಂದ ಹೊರಗೋಡೆಗೆ ಬದಲಾಯಿಸಿ. ಬೇಸಿನ್ನೂ ಕಮೋಡೂ ಅದೇ ಹೊರಗೋಡೆಯಲ್ಲಿದ್ರೆ ಅವಕ್ಕೂ ಹೊರಗಿಂದಲೇ ಒಂದೊಂದು ತೂತು. ಹಳೇ ಜಿಐ ಲೈನು ತಾರಸಿಯಲ್ಲೇ ಬಂದ್ ಮಾಡಿ, ನೀರು ಇಳಿಸಿ ಖಾಲಿ ಬಿಡಿ. ಗೋಡೆ ಒಳಗೆ ಖಾಲಿ ಪೈಪ್ ಇದ್ರೆ ಏನೂ ತೊಂದರೆ ಇಲ್ಲ. ಹೊಸದಾಗಿ ಹಾಕೋ ಸಿಪಿವಿಸಿ (ಒಂದು ಬಗೆ ಪ್ಲಾಸ್ಟಿಕ್) ಪೈಪ್ ಬಿಸಿಲಿಗೆ ಬಿಟ್ಟರೆ ಕಾಲಕ್ರಮದಲ್ಲಿ ಪೆಡಸಾಗುತ್ತೆ, ನೀರಲ್ಲಿ ಕಲಸೋ ಅಕ್ರಿಲಿಕ್ ಪೇಂಟ್ ಎರಡು ಕೋಟ್ ಹೊಡೀರಿ.

ಕುವೆಂಪುನಗರದ ಮನೆಮಗಳು:
ಅಣ್ಣ, ಇದು ನನಗೆ ಹೊಳೆದೇ ಇರಲಿಲ್ಲ. ಬೇಸಿನ್, ಕಮೋಡು, ಗೀಸರ್ ಎಲ್ಲ ಹೊರಗೋಡೆಯಲ್ಲೇ ಇದೆ. ಹಾಗಾದ್ರೆ ಅಪ್ಪ ಅಮ್ಮನ ರೂಮಿನ ಗೋಡೇಲಿ ಇನ್ನು ನೀರಿನ ಪೈಪೇ ಇರಲ್ಲ!

ಗಾರೆ ಕೆಲಸ ಮೂವತ್ತು ವರ್ಷ:
ಪ್ಲಂಬರ್ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ಈಗ ಒಡೆಯೋ ವಿಷಯ. ಸ್ವಲ್ಪ ಉದ್ದ ಆಗುತ್ತೆ, ಆದರೆ ಗೋಡೆ ಉಳಿಯೋದು ಹೋಗೋದು ಇಲ್ಲೇ ತೀರ್ಮಾನ ಆಗೋದು.

ಮೊದಲು ಕಟಿಂಗ್, ಆಮೇಲೆ ಸುತ್ತಿಗೆ. ತುಂಬಾ ಜನ ಸುತ್ತಿಗೆಯಿಂದ ಶುರು ಮಾಡಿ ಗಡಿ ಹತ್ರ ಬಂದಾಗ ಕಟಿಂಗ್ ಮಷಿನ್ ಹಿಡೀತಾರೆ, ಅಷ್ಟೊತ್ತಿಗೆ ಪಕ್ಕದ ಟೈಲ್ಸಿಗೆ ಅದುರು ಹೋಗಿ ಆಗಿರುತ್ತೆ. ಹಳೇ ಕಾಲದ ಸಂದು ಒಂದೂವರೆ ಮಿಲಿಮೀಟರ್ ಅಷ್ಟೇ. ನಾಲ್ಕಿಂಚಿನ ಕಟರ್ ಬ್ಲೇಡು ಅದಕ್ಕಿಂತ ದಪ್ಪ. ಸಂದಿನ ಮೇಲೇ ಇಟ್ಟರೆ ಉಳಿಸಬೇಕಾದ ಟೈಲ್ಸಿನ ಅಂಚು ಹಲ್ಲುಹಲ್ಲಾಗುತ್ತೆ. ಅದಕ್ಕೆ ತೆಗೆಯೋ ಟೈಲ್ಸಿನ ಮೇಲೆ, ಸಂದಿನಿಂದ ಮೂರು ಮಿಲಿಮೀಟರ್ ಈಚೆಗೆ ಗೆರೆ ಹಾಕಿ ಕತ್ತರಿಸಬೇಕು. ಉಳಿಯೋ ಆ ತೆಳು ಪಟ್ಟಿಯನ್ನ ಕೊನೆಗೆ ಸಣ್ಣ ಉಳಿಯಲ್ಲೋ ಮುರಿದ ಹ್ಯಾಕ್ಸಾ ಬ್ಲೇಡಲ್ಲೋ ಕೈಯಿಂದ ಬಿಡಿಸ್ಕೊಳ್ಳಿ.

ಒಂದೇ ಸಲಕ್ಕೆ ಆಳ ಹೋಗಬೇಡಿ. ಮೊದಲ ಸಲ ಟೈಲ್ಸ್ ದಪ್ಪ ಮಾತ್ರ. ಎರಡನೇ ಸಲ ಹಿಂದಿನ ಸಿಮೆಂಟೂ ಪ್ಲಾಸ್ಟರೂ ಸೇರಿ ಇಟ್ಟಿಗೆ ಮುಟ್ಟೋವರೆಗೆ. ಹಿಂದಿನ ಗಾರೆ ತುಂಡಾಗದೆ ಇದ್ರೆ ಸುತ್ತಿಗೆ ಪೆಟ್ಟು ಅದರ ಮೂಲಕವೇ ಆಚೆ ಗೋಡೆಗೆ ಹೋಗುತ್ತೆ. ನೆಲದ ಹತ್ರ ದುಂಡು ಬ್ಲೇಡ್ ಹೋಗಲ್ಲ, ಕೊನೇ ಮೂರಿಂಚು ಕೈ ಉಳಿಯಲ್ಲೇ. ಒಡೆಯೋಕೆ ಶುರು ಮಾಡೋದು ನಡುಮಧ್ಯದಿಂದ, ಗಡಿಯಿಂದಲ್ಲ. ನಡುವೆ ಒಂದು ಟೈಲ್ಸ್ ಹೋದ್ರೆ ಉಳಿಗೆ ಜಾಗ ಸಿಗುತ್ತೆ. ಉಳಿಯ ಮೊನೆ ಯಾವಾಗಲೂ ಆ ಖಾಲಿ ಜಾಗದ ಕಡೆ ತಿರುಗಿರಲಿ, ಉಳಿಸೋ ಗೋಡೆ ಕಡೆ ಒಂದು ಪೆಟ್ಟೂ ಬೇಡ. ಬ್ರೇಕರ್ ಮಷಿನ್ ತರೋರಿದ್ರೆ ಬಾಗಿಲಲ್ಲೇ ನಿಲ್ಲಿಸಿ.

ಉಳಿಸೋ ಟೈಲ್ಸಿನ ಮೇಲೆ ರಟ್ಟು ಇಟ್ಟು ಟೇಪ್ ಹಾಕಿ. ನೀರು ಹೋಗೋ ಟ್ರ್ಯಾಪಿನ ಬಾಯಿಗೆ ಬಟ್ಟೆ ತುರುಕಿ, ಗಾರೆ ಚೂರು ಒಳಗೆ ಬಿದ್ರೆ ಇನ್ನೊಂದು ಕೆಲಸ. ಗೀಸರಿನ ಕರೆಂಟು ಬೋರ್ಡಲ್ಲೇ ಆಫ್ ಮಾಡಿ. ಕತ್ತರಿಸೋವಾಗ ಒಬ್ಬರು ಸ್ಪಂಜಲ್ಲಿ ಸ್ವಲ್ಪ ಸ್ವಲ್ಪ ನೀರು ಬಿಡ್ತಾ ಇರಲಿ, ಆದರೆ ಮಷಿನ್ನಿಗೂ ವೈರಿಗೂ ನೀರು ತಾಗಬಾರದು. ಆ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಎನ್-95 ಮಾಸ್ಕ್ ಇಲ್ಲದೆ ಯಾರೂ ಒಳಗೆ ಬೇಡ, ಅಪ್ಪಾಜಿ ರೂಮಿನ ಬಾಗಿಲಿನ ಸಂದಿಗೆ ಒದ್ದೆ ಬಟ್ಟೆ ಇಡಿ.

ಡಲ್ಲಾಸ್ ಕನ್ನಡಿಗ:
ಇಲ್ಲಿ ಅಮೆರಿಕದಲ್ಲಿ ಹೋದ ವರ್ಷ ನಾನೂ ಇದೇ ಕೆಲಸ ಮಾಡಿದೆ. ಇಲ್ಲಿ ಗೋಡೆ ಅಂದ್ರೆ ಮರದ ಚೌಕಟ್ಟು, ಅದಕ್ಕೆ ಬಡಿದ ಜಿಪ್ಸಮ್ ಹಲಗೆ. ಟೈಲ್ಸ್ ಬಿಡಿಸಿದ್ರೆ ಹಲಗೆಯೂ ಕಿತ್ತು ಬರುತ್ತೆ, ಆದ್ದರಿಂದ ಗಡಿಯಲ್ಲಿ ಹಲಗೆ ಸಮೇತ ಕತ್ತರಿಸಿ, ಮರದ ಕಂಬಕ್ಕೆ ಸಿಮೆಂಟ್ ಹಲಗೆ ಸ್ಕ್ರೂ ಹಾಕಿ ಕೂರಿಸ್ತೀವಿ. ಇಲ್ಲಿರೋ ಕನ್ನಡಿಗರು ಯಾರಾದ್ರೂ ಓದ್ತಿದ್ರೆ, ಮನೆ 1978ಕ್ಕಿಂತ ಹಳೇದಾದ್ರೆ ಪೇಂಟಲ್ಲಿ ಸೀಸ ಇರಬಹುದು, ಪರೀಕ್ಷೆ ಮಾಡಿಸದೆ ಉಜ್ಜಬೇಡಿ. ಊರಿನ ಇಟ್ಟಿಗೆ ಗೋಡೆ ನೋಡಿದ್ರೆ ನನಗೆ ಆಸೆ ಆಗುತ್ತೆ, ಟೈಲ್ಸ್ ಹೋದ್ರೂ ಗೋಡೆ ನಿಂತಿರುತ್ತೆ.

ಕುವೆಂಪುನಗರದ ಮನೆಮಗಳು:
ಎರಡು ದಿನದ ಒಡೆಯೋ ಕೆಲಸ ಮುಗೀತು. ನಮಗೆ ಸಿಕ್ಕ ಮೇಸ್ತ್ರಿ ವಯಸ್ಸಾದವರು. ಈ ಚರ್ಚೆಯನ್ನ ಅವರಿಗೆ ಓದಿ ಹೇಳಿದೆ, ಕೂತು ಪೂರ್ತಿ ಕೇಳಿದ್ರು.

ಹೊರಗೋಡೇಲಿ ಆರು, ರೂಮಿನ ಗೋಡೇಲಿ ಐದು, ಹೀಗೆ ಹನ್ನೊಂದು ಟೈಲ್ಸ್ ಅಗಲ, ಹತ್ತು ಸಾಲು. ಒಟ್ಟು 110 ಟೈಲ್ಸ್. ಕೆಳಗಿನಿಂದ ಮೂರನೇ ಸಾಲಿನದೊಂದು ಪೆಟ್ಟೇ ಇಲ್ಲದೆ ಕೈಗೆ ಬಂತು. ಹಿಂದೆ ತಿರುಗಿಸಿ ನೋಡಿದ್ರೆ ಐದು ಮುದ್ದೆ ಸಿಮೆಂಟು: ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು. ಮಿಕ್ಕ ಜಾಗ ಖಾಲಿ. ಆ ಖಾಲಿಯಲ್ಲಿ ನೀರು ನಿಂತು ಕರೀ ಲೋಳೆ ಕಟ್ಟಿತ್ತು, ಕೆರೆದಂಡೆ ಕೆಸರಿನ ವಾಸನೆ. ಮೇಲಿನ ಸಾಲುಗಳಲ್ಲಿ ಸಿಮೆಂಟ್ ಪೂರ್ತಿ ಮೆತ್ತಿದ್ರು, ಅವು ಒಂದೊಂದೂ ಚೂರಾಗಿಯೇ ಬಂದವು.

ಶವರ್ ನಲ್ಲಿಯ ಹಿಂದಿನ ಎಲ್ಬೋ ಮೇಲೆ ತುಕ್ಕು ಗೆಡ್ಡೆ ಕಟ್ಟಿತ್ತು. ಮೇಸ್ತ್ರಿ ಉಗುರಲ್ಲಿ ಅದನ್ನ ಕೆರೆದು, ವಾಲ್ವ್ ಒಂದು ನಿಮಿಷ ಬಿಡಿ ಅಂದ್ರು. ಕೂದಲೆಳೆಯಷ್ಟು ತೆಳ್ಳಗೆ ನೀರು ಚಿಮ್ಮಿ ನೇರ ಅಮ್ಮನ ಕನ್ನಡಕಕ್ಕೆ ಬಿತ್ತು. ವರ್ಷವಿಡೀ ಗೋಡೆ ನೆನೆಸಿದ್ದು ಸೂಜಿಮೊನೆಯಷ್ಟು ತೂತು.

ಉಳಿಸಬೇಕಾದ ಗೋಡೇಲಿ ಒಂದೇ ಒಂದು ಟೈಲ್ಸ್ ಮೂಲೆ ಸೀಳಿತು, ಕಟರ್ ಜಾರಿ. ಮೇಸ್ತ್ರಿ ತುಂಬಾ ಬೇಜಾರು ಮಾಡ್ಕೊಂಡ್ರು. ತೆಗೆದದ್ದರಲ್ಲಿ 14 ಟೈಲ್ಸ್ ಪೂರ್ತಿ ಚೆನ್ನಾಗಿ ಉಳಿದಿವೆ, ಅದರಲ್ಲೊಂದನ್ನ ಅಲ್ಲಿಗೆ ಹಾಕೋಣ ಅಂದೆ. ಈಗ ಬಕೆಟ್ಟಲ್ಲಿ ನೆನೆಹಾಕಿದ್ದೀವಿ, ಹಿಂದಿನ ಸಿಮೆಂಟ್ ಬಿಡಿಸೋಕೆ.

ಸಿವಿಲ್ ಓದಿದವಳು ದಾವಣಗೆರೆ:
ಅಕ್ಕ, ಇನ್ನು ಮುಂದಿನ ಹೆಜ್ಜೆಯಲ್ಲಿ ಆತುರ ಬೇಡ. ಹಳೇ ಟೈಲ್ಸಿನ ಮುಖದಿಂದ ಇಟ್ಟಿಗೆವರೆಗೆ ಎಷ್ಟಿದೆ ಅಳೀರಿ. 32 ಮಿಲಿಮೀಟರ್ ಇದೆ ಅಂದ್ಕೊಳ್ಳಿ. ಹೊಸ ಟೈಲ್ಸ್ 8, ಅಂಟು 4, ನೀರು ತಡೆಯೋ ಲೇಪ ಸುಮಾರು 2. ಅಲ್ಲಿಗೆ 14 ಆಯ್ತು. ಹಾಗಾಗಿ ಪ್ಲಾಸ್ಟರ್ 18 ಮಿಲಿಮೀಟರಿಗೆ ನಿಲ್ಲಬೇಕು, ಹಳೇ ಟೈಲ್ಸ್ ಮುಖಕ್ಕಿಂತ 14 ಒಳಗೆ. ಈ ಲೆಕ್ಕ ತಪ್ಪಿದ್ರೆ ಹೊಸ ಗೋಡೆ ಹಳೇದಕ್ಕಿಂತ ಮುಂದೆ ಬಂದು ಮೆಟ್ಟಿಲ ಹಾಗೆ ಕಾಣುತ್ತೆ, ಸರಿಮಾಡೋಕೆ ದಾರಿಯೇ ಇರಲ್ಲ.

ಇನ್ನೊಂದು: ತೂಗುಗುಂಡು ಬಿಟ್ಟು ನೋಡಿದ್ರೆ ಹಳೇ ಗೋಡೆ ಸ್ವಲ್ಪ ವಾಲಿರುತ್ತೆ. ಹೊಸ ಪ್ಲಾಸ್ಟರ್ ಗುಂಡಿಗೆ ಸರಿಯಾಗಿ ಮಾಡಿದ್ರೆ ಗಡಿಯಲ್ಲಿ ಹೊಂದಲ್ಲ. ಗಡಿಯ ಹತ್ರ ಹಳೇ ಗೋಡೆ ಹೇಗಿದೆಯೋ ಹಾಗೇ ಹೋಗಿ, ಮೂಲೆ ಕಡೆಗೆ ನಿಧಾನಕ್ಕೆ ಸರಿಮಾಡ್ಕೊಳ್ಳಿ. ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳು, ಏಳು ದಿನ ನೀರುಣಿಸಿ.

ಆಮೇಲೆ ಪಾಲಿಮರ್ ಸೇರಿದ ಸಿಮೆಂಟ್ ಲೇಪ, ಬ್ರಷ್ಷಲ್ಲಿ ಎರಡು ಕೋಟ್, ಮೊದಲನೇದು ಅಡ್ಡ, ಎರಡನೇದು ಉದ್ದ. ಗೋಡೆ ನೆಲ ಸೇರೋ ಮೂಲೆಗೆ ಫೈಬರ್ ಜಾಲರಿ ಇಟ್ಟು ಅದರ ಮೇಲೆ ಬಳೀರಿ. ಗೋಡೆ ಲೇಪವೂ ನೆಲದ ಲೇಪವೂ ಕನಿಷ್ಠ ಆರಿಂಚು ಒಂದರ ಮೇಲೊಂದು ಬರಬೇಕು. ಅಂದ್ರೆ ಶವರ್ ಕೆಳಗಿನ ನೆಲದ ಟೈಲ್ಸನ್ನೂ ತೆಗೆಯಲೇಬೇಕು, ಅಲ್ಲಿ ಉಳಿಸೋ ಆಸೆ ಬಿಡಿ.

ಯಾರೂ ಮಾಡದ ಕೆಲಸ ಒಂದಿದೆ. ಕತ್ತರಿಸಿದ ಗಡಿಯಲ್ಲಿ ಹಳೇ ಟೈಲ್ಸಿನ ಹಿಂದಿನ ಗಾರೆ ಬರಿಮೈಯಾಗಿ ನಿಂತಿರುತ್ತೆ, ಸ್ಪಂಜಿನ ಹಾಗೆ ನೀರು ಹೀರುತ್ತೆ. ಆ ಅಂಚಿಗೂ ಮರೆಯದೆ ಲೇಪ ಬಳೀರಿ. ಹೊಸದು ಹಳೇದು ಸೇರೋ ಕಡೆ ನಾಲ್ಕು ಮಿಲಿಮೀಟರ್ ಸಂದು ಬಿಟ್ಟು ಅದಕ್ಕೆ ರಬ್ಬರಿನ ಹಾಗೆ ಬಾಗೋ ಸಿಲಿಕಾನ್ ತುಂಬಿ, ಟೈಲ್ಸ್ ಸಂದಿಗೆ ತುಂಬೋ ಗ್ರೌಟ್ ಅಲ್ಲ. ಎರಡು ವಯಸ್ಸಿನ ಗೋಡೆ ಬೇರೆ ಬೇರೆಯಾಗಿ ಹಿಗ್ಗುತ್ತೆ ಕುಗ್ಗುತ್ತೆ, ಗಟ್ಟಿ ಗ್ರೌಟ್ ಅಲ್ಲಿ ಬಿರುಕು ಬಿಡುತ್ತೆ.

ಗಾರೆ ಕೆಲಸ ಮೂವತ್ತು ವರ್ಷ:
ತಂಗಿ ಹೇಳಿದ್ದೆಲ್ಲ ಸರಿ, ಅಂಟಿನ ವಿಷಯದಲ್ಲಿ ಮಾತ್ರ ಒಂದು ಮಾತು. ಟೈಲ್ಸ್ ರಾತ್ರಿಯಿಡೀ ನೀರಲ್ಲಿ ನೆನೆಸಿ, ಸಿಮೆಂಟ್ ಹಾಲು ಬಳಿದು ನಾವು ಕೂರಿಸಿದ್ದು ಮೂವತ್ತು ವರ್ಷ ನಿಂತಿದೆ. ಈ ಮನೆಯ ಮೇಲಿನ ಸಾಲುಗಳೇ ಸಾಕ್ಷಿ. ಕೆಳಗೆ ಹೋಗಿದ್ದು ಮುದ್ದೆ ಹಾಕಿದವರ ತಪ್ಪು, ಸಿಮೆಂಟಿನ ತಪ್ಪಲ್ಲ.

ಸಿವಿಲ್ ಓದಿದವಳು ದಾವಣಗೆರೆ:
ಅಣ್ಣ, ನಿಮ್ಮ ಮಾತು ಒಪ್ಪುತ್ತೀನಿ. ಹಳೇ ಸೆರಾಮಿಕ್ ಗೋಡೆ ಟೈಲ್ಸ್ ತನ್ನ ತೂಕದ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ನೀರು ಕುಡಿಯುತ್ತೆ, ಆ ತೂತುಗಳಲ್ಲಿ ಸಿಮೆಂಟ್ ಬೇರು ಬಿಡುತ್ತೆ. ಆದರೆ ವಿಟ್ರಿಫೈಡ್ ಟೈಲ್ಸ್ ಅರ್ಧ ಪರ್ಸೆಂಟೂ ಕುಡಿಯಲ್ಲ, ಬರೀ ಸಿಮೆಂಟ್ ಅದನ್ನ ಹಿಡಿಯಲ್ಲ. ಇಲ್ಲಿ ಅಕ್ಕ ಸೆರಾಮಿಕ್ಕೇ ಹಾಕಿದ್ರೂ ಹಿಂದೆ ಪಾಲಿಮರ್ ಲೇಪ ಇದೆ, ಅದೂ ನೀರು ಹೀರಲ್ಲ. ಅದಕ್ಕೇ ಅಂಟು ಅಂದಿದ್ದು. ಚೀಲದ ಮೇಲೆ ಐಎಸ್ 15477 (ಟೈಲ್ಸ್ ಅಂಟಿಗಿರೋ ಭಾರತೀಯ ಮಾನಕದ ನಂಬರು) ಅಂತ ಇರೋದನ್ನೇ ತಗೊಳ್ಳಿ. ಅಂಟು ಹಾಕೋದಾದ್ರೆ ಟೈಲ್ಸ್ ನೆನೆಸಬಾರದು. ಹಲ್ಲಿನ ಕರಣೆಯಲ್ಲಿ ಪೂರ್ತಿ ಎಳೆದು ಒತ್ತಬೇಕು, ಮುದ್ದೆ ಹಾಕೋದು ಮಾತ್ರ ಬೇಡವೇ ಬೇಡ.

ಗಾರೆ ಕೆಲಸ ಮೂವತ್ತು ವರ್ಷ:
ಲೇಪದ ಮೇಲೆ ಅಂದ್ರೆ ಸರಿ ತಂಗಿ, ಅಂಟೇ ಹಾಕಲಿ.

ಪೈಪ್ ಕೆಲಸ ಶ್ರೀರಂಗಪಟ್ಟಣ:
ಪ್ಲಾಸ್ಟರಿಗೆ ಮುಂಚೆ ಹೊಸ ಪೈಪಿನ ಬಾಯಿಗಳಿಗೆ ಡಮ್ಮಿ (ಮುಚ್ಚಳ) ಹಾಕಿ ಪ್ರೆಶರ್ ಟೆಸ್ಟ್ ಮಾಡಿಸಿ. ತಾರಸಿ ಟ್ಯಾಂಕಿನ ನೀರಿಂದ ನೋಡಿದ್ರೆ ಸಾಲದು. ಹತ್ತು ಮೀಟರ್ ಎತ್ತರಕ್ಕೆ ಚದರ ಸೆಂಟಿಮೀಟರಿಗೆ ಒಂದು ಕೆಜಿ ಒತ್ತಡ ಅಷ್ಟೇ ಬರೋದು, ನಿಮ್ಮ ಮನೆಗೆ ಅಷ್ಟೂ ಇಲ್ಲ. ಕೈಪಂಪಲ್ಲಿ ಆರು ಕೆಜಿಗೆ ಏರಿಸಿ ಒಂದು ರಾತ್ರಿ ಬಿಡಿ, ಬೆಳಿಗ್ಗೆ ಒತ್ತಡದ ಮೀಟರಿನ ಮುಳ್ಳು ಇಳಿದಿರಬಾರದು.

ಶಿರಸಿಯ ಮಳೆ:
ನಮ್ಮ ಕಡೆ ಮಳೆಗಾಲದಲ್ಲಿ ಬಚ್ಚಲು ಒಣಗೋದೇ ಇಲ್ಲೆ. ಸಿಮೆಂಟ್ ಗ್ರೌಟ್ ಹಾಕಿದ ಸಂದಿ ಎಲ್ಲ ಒಂದೇ ಮಳೆಗಾಲಕ್ಕೆ ಕಪ್ಪು. ಇಪಾಕ್ಸಿ ಗ್ರೌಟ್ ಹಾಕಿಸಿ ನಾಲ್ಕು ವರ್ಷ ಆತು, ಈಗಲೂ ಬೆಳ್ಳಗೆ ಇದ್ದು. ಆದರೆ ಸ್ವಲ್ಪ ಸ್ವಲ್ಪವೇ ಕಲಸಿಕೊಳ್ಳಿ, ಮುಕ್ಕಾಲು ಗಂಟೆಯೊಳಗೆ ಗಟ್ಟಿ ಆಗಿಬಿಡ್ತು. ಟೈಲ್ಸ್ ಮೇಲೆ ಮೆತ್ತಿದ್ದನ್ನ ಆಗಿಂದಾಗಲೇ ಒದ್ದೆ ಸ್ಪಂಜಲ್ಲಿ ಒರೆಸದಿದ್ರೆ ಆಮೇಲೆ ಏನು ಮಾಡಿದ್ರೂ ಹೋಗ್ತಿಲ್ಲೆ. ಉಳಿಸಿದ ಹಸಿರು ಗೋಡೆಯಲ್ಲೂ ಗಡಿಯ ಪಕ್ಕದ ಒಂದು ಸಾಲಿನ ಹಳೇ ಗ್ರೌಟ್ ಕೆರೆದು ಇದನ್ನೇ ತುಂಬ್ಸಿ, ಅಲ್ಲಿಗೂ ನೀರು ಹಾರ್ತು.

ಧಾರವಾಡದಾಂವ:
ಅಪ್ಪಾರಿಗೆ ಮಂಡಿ ಆಪರೇಷನ್ ಆಗೇದ ಅಂದ್ರಿ. ಸ್ಟೀಲ್ ಹಿಡಿಕಿ ಈಗ ಹಾಕಿಸ್ರಿ, ನೆಲದಿಂದ 33ರಿಂದ 36 ಇಂಚು ಎತ್ತರಕ್ಕ. ಇಟ್ಟಂಗಿ ಒಳಗ ಗಟ್ಟಿ ಕೂಡೂ ಹಂಗ ಆಂಕರ್ ಬೋಲ್ಟ್ ಹಾಕ್ರಿ. ಆ ತೂತು ನೀರು ತಡಿಯೂ ಲೇಪ ದಾಟಿ ಹೋಗ್ತದ, ಅದಕ್ಕ ಬೋಲ್ಟ್ ಹಾಕೂಕಿಂತ ಮೊದಲ ತೂತಿನ್ಯಾಗ ಸಿಲಿಕಾನ್ ತುಂಬ್ರಿ. ಕೂಡ್ರಿಸಿದ ಮ್ಯಾಲೆ ನೀವು ಜೋತು ಬಿದ್ದು ನೋಡ್ರಿ, ಆಮ್ಯಾಲ ಅವರ ಕೈಗೆ ಕೊಡ್ರಿ.

ಕುವೆಂಪುನಗರದ ಮನೆಮಗಳು:
ಮೂರು ವಾರದ ಮೇಲೆ ಬರೀತಿದ್ದೀನಿ. ಕೆಲಸ ಮುಗೀತು.

ಹೊಸ ಪೈಪ್ ಹೊರಗಿಂದ ಇಳೀತು. ರಾತ್ರಿ ಆರು ಕೆಜಿಗೆ ಏರಿಸಿ ಬಿಟ್ಟದ್ದು ಬೆಳಿಗ್ಗೆಯೂ ಆರೇ ಇತ್ತು. ಪ್ಲಾಸ್ಟರ್ ಏಳು ದಿನ ನೆನೀತು. ನೆಲದ ಲೇಪ ಒಣಗಿದ ಮೇಲೆ ಟ್ರ್ಯಾಪಿನ ಬಾಯಿ ಕಟ್ಟಿ, ಸುತ್ತ ಒಂದು ಇಟ್ಟಿಗೆ ಎತ್ತರದ ಕಟ್ಟೆ ಹಾಕಿ, 48 ಗಂಟೆ ನೀರು ನಿಲ್ಲಿಸಿದ್ವಿ. ಮಟ್ಟಕ್ಕೆ ಗುರುತು ಹಾಕಿದ್ದೆ. ಒಂದೆರಡು ಮಿಲಿಮೀಟರ್ ಆವಿಯಾಗಿ ಇಳಿದದ್ದು ಬಿಟ್ಟರೆ ಏನಿಲ್ಲ, ರೂಮಿನ ಕಡೆ ಒಂದು ಹನಿಯೂ ಬರಲಿಲ್ಲ. ಆಮೇಲೆ ನೆಲದ ಟೈಲ್ಸ್ ಹಾಕೋವಾಗ ವಾಟ ಎರಡು ಸಲ ನೀರು ಬಿಟ್ಟು ನೋಡಿದ್ರು. ಆ ನಾಲ್ಕು ದಿನ ಮಾತ್ರ ಅಪ್ಪ ಅಮ್ಮ ಚಿಕ್ಕಮ್ಮನ ಮನೇಲಿದ್ರು. ಬಾಕಿ ದಿನವೆಲ್ಲ ನಡುವೆ ಪ್ಲಾಸ್ಟಿಕ್ ಪರದೆ ಕಟ್ಟಿ, ಕೆಲಸದವರು ಹೋದ ಮೇಲೆ ಇನ್ನರ್ಧ ಬಚ್ಚಲು ಬಳಸಿದ್ವಿ. ಪೂರ್ತಿ ಒಡೆದಿದ್ರೆ ಇದು ಆಗ್ತಿರಲಿಲ್ಲ.

ಹಸಿರಿಗೆ ಹೊಂದೋ ಬಣ್ಣ ಹುಡುಕಿ ನಾಲ್ಕು ಅಂಗಡಿ ಸುತ್ತಿದೆ. ಹತ್ತಿರದ ಹಸಿರು ಪಕ್ಕದಲ್ಲಿಟ್ಟರೆ ಹಳೇದು ಕೊಳಕಾಗಿ ಕಾಣ್ತಿತ್ತು. ಕೊನೆಗೆ ಅಚ್ಚ ಬಿಳಿ ತಗೊಂಡೆ, ಗಡಿಯಲ್ಲಿ ಎರಡಿಂಚಿನ ಕಡುಹಸಿರು ಪಟ್ಟಿ. ಪಟ್ಟಿ ಇರೋದ್ರಿಂದ ಹಳೇ ಸಾಲೂ ಹೊಸ ಸಾಲೂ ಹೊಂದಿಲ್ಲ ಅಂತ ಕಣ್ಣಿಗೆ ಹೊಡೆಯಲ್ಲ. ಸೀಳಿದ ಟೈಲ್ಸಿನ ಜಾಗಕ್ಕೆ ನೆನೆಸಿಟ್ಟದ್ದನ್ನೇ ಕೂರಿಸಿದ್ರು, ಯಾವುದು ಅಂತ ನನಗೇ ಈಗ ಗೊತ್ತಾಗಲ್ಲ. ಮಿಕ್ಕ 13 ಟೈಲ್ಸನ್ನ ಅಮ್ಮ ಪೇಪರಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದಾರೆ.

ಹಿಡಿಕೆ 34 ಇಂಚಿಗೆ ಹಾಕಿಸಿದೆ. ನಾನು ಜೋತುಬಿದ್ದು ನೋಡಿದೆ. ಅಪ್ಪ ಈಗ ಬಾಗಿಲು ಹಾಕ್ಕೊಂಡು ಒಬ್ಬರೇ ಸ್ನಾನ ಮಾಡ್ತಾರೆ.

ಒಂದು ಪ್ರಶ್ನೆ ಉಳಿದಿದೆ. ರೂಮಿನ ಕಡೆ ಗೋಡೆಗೆ ಯಾವಾಗ ಪೇಂಟ್ ಮಾಡಿಸಲಿ? ದೀಪಾವಳಿಗೆ ಮುಂಚೆ ಆಗುತ್ತಾ?

ಗಾರೆ ಕೆಲಸ ಮೂವತ್ತು ವರ್ಷ:
ಹಬ್ಬ ನೋಡಿ ಮಾಡಬೇಡಿ ಅಕ್ಕ, ಗೋಡೆ ನೋಡಿ ಮಾಡಿ. ಉಬ್ಬಿದ ಪ್ಲಾಸ್ಟರನ್ನ ಗಟ್ಟಿ ಸಿಗೋವರೆಗೆ ಕೆರೆದು ಬರಿಮೈ ಬಿಡಿ. ಬಿಳಿ ಉಪ್ಪು ಹೊರಗೆ ಬಂದಿದ್ದನ್ನ ಒಣ ಬ್ರಷ್ಷಲ್ಲಿ ಉಜ್ಜಿ ತೆಗೀರಿ, ನೀರು ಹಾಕಿ ತೊಳೆದ್ರೆ ಮತ್ತೆ ಒಳಕ್ಕೇ ಹೋಗುತ್ತೆ. ಫ್ಯಾನ್ ಹಾಕಿ, ಮಂಚ ಒಂದಡಿ ಈಚೆ ಎಳೀರಿ. ಪುಟ್ಟಿ ಈಗಲೇ ಬಳಿದ್ರೆ ತೇವ ಒಳಗೇ ಸಿಕ್ಕಿಕೊಂಡು ಮತ್ತೆ ಉಬ್ಬುತ್ತೆ. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆ ತಗೊಂಡು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ಒಂದು ದಿನ ಬಿಡಿ. ತೆಗೆದಾಗ ಒಳಗೆ ಹನಿ ಕಂಡ್ರೆ ಇನ್ನೂ ಕಾಯಬೇಕು.

ಕುವೆಂಪುನಗರದ ಮನೆಮಗಳು:
ಅಣ್ಣ, ನಿನ್ನೆ ಬೆಳಿಗ್ಗೆ ಅಂಟಿಸಿ ಇವತ್ತು ತೆಗೆದೆ. ಮೇಲಿನ ಮುಕ್ಕಾಲು ಭಾಗ ಒಣಗಿದೆ, ಕೆಳಗಿನ ಮೂಲೇಲಿ ಮಾತ್ರ ಸಾಸಿವೆ ಕಾಳಿನಷ್ಟು ಹನಿಗಳು. ಪೆನ್ಸಿಲ್ ಗೆರೆಗಳನ್ನ ಅಳಿಸಿಲ್ಲ, ಈಗಿನ ತೇವ ಮೊದಲ ಗೆರೆಗಿಂತ ಒಂದೂವರೆ ಅಡಿ ಕೆಳಗಿದೆ. ಇನ್ನೊಂದು ತಿಂಗಳು ಬಿಟ್ಟು ಮತ್ತೆ ಹಾಳೆ ಅಂಟಿಸಿ ನೋಡಿ ಹೇಳ್ತೀನಿ.